ಹಡಗನ್ನು ಕಾಯುವುದು ಹಡಗಿನ ಮೇಲೆ ನಿಂತಲ್ಲ

ಗೋಣಿಕೊಪ್ಪದ ನಿವೃತ್ತ ಸೈನಿಕರೊಬ್ಬರು ಬರೆದಿದ್ದಾರೆ: 'ಸುಮಾರು 20,000 ಕೋಟಿ ಸುರಿದು ವಿಮಾನವಾಹಕ ನೌಕೆ ವಿಕ್ರಾಂತ್ ಕಟ್ಟಿದ್ದೇವೆ. ಎಲ್ಲಿಂದಲೋ ಒಂದು ಬಾಂಬರ್ ಬಂದು ಕ್ಷಿಪಣಿ ಬಿಟ್ಟರೆ ಮುಗಿಯಿತು. ಯುದ್ಧವಿಮಾನಕ್ಕೆ ಹಾಕುವ ದುಡ್ಡಿನಲ್ಲಿ ಹಡಗಿನ ಮೇಲೇ ಇನ್ನಷ್ಟು ಕ್ಷಿಪಣಿ ಇಟ್ಟರೆ ಸಾಲದೇ?'

ಸರ್, ಖರ್ಚು ಜಾಸ್ತಿ ಎಂಬುದು ನಿಜ. ಹಡಗಿನ ಮೇಲೂ ಕ್ಷಿಪಣಿ ಬೇಕು. ಆದರೆ ಆರ್ಟಿಲರಿಯಲ್ಲಿದ್ದ ನೀವೇ ಹೀಗೆ ಕೇಳಬಹುದೇ? ಶತ್ರುವಿನ ಶೆಲ್ ಬೀಳುವಾಗ ನೀವು ಸುಮ್ನೆ ಬಂಕರ್ ಗಟ್ಟಿ ಮಾಡುತ್ತಾ ಕೂತಿರಲಿಲ್ಲ. ಅದನ್ನು ಹಾರಿಸುವ ತೋಪು ಎಲ್ಲಿದೆ ಎಂದು ಹುಡುಕಿ ಹೊಡೆದಿರಿ. ಸಮುದ್ರದಲ್ಲೂ ಅದೇ ಲೆಕ್ಕ. ಬಾಂಬರ್ ಕ್ಷಿಪಣಿ ಬಿಡುವ ಮೊದಲೇ ಅದನ್ನು ಕೆಡವಬೇಕು.

ಸೋವಿಯತ್ ಟುಪೊಲೆವ್-22ಎಂ ಬಾಂಬರ್ ಹೊರುತ್ತಿದ್ದ ಕೆಎಚ್-22 ಕ್ಷಿಪಣಿಯ ತೂಕವೇ ಸುಮಾರು 6 ಟನ್. 300 ಕಿ.ಮೀ.ಗೂ ದೂರದಿಂದ, ಶಬ್ದದ ಮೂರು ಪಟ್ಟು ಮೀರಿದ ವೇಗದಲ್ಲಿ ಬರುತ್ತಿತ್ತು. ಅಂಥವು ಹಿಂಡಾಗಿ ಬಂದರೆ ಹಡಗಿನವರಿಗೆ ಸಿಗುವುದು ಕೆಲವೇ ನಿಮಿಷ. ಅಮೆರಿಕದ ನೌಕಾಪಡೆ ಇದಕ್ಕೆ ಉತ್ತರ ಹುಡುಕಲು ವರ್ಷಗಟ್ಟಲೆ ಒದ್ದಾಡಿತು. ಎಫ್-111ಬಿ ಎಂಬ ವಿಮಾನ ತೀರಾ ಭಾರವಾಗಿ 1968ರಲ್ಲಿ ಮೂಲೆ ಸೇರಿತು. ಅದಕ್ಕೆಂದು ಮಾಡುತ್ತಿದ್ದ ಫೀನಿಕ್ಸ್ ಕ್ಷಿಪಣಿ ಮಾತ್ರ ಉಳಿದು ಎಫ್-14 ಟಾಮ್‌ಕ್ಯಾಟ್ ಯುದ್ಧವಿಮಾನಕ್ಕೆ ಬಂತು. ಒಂದೊಂದು ಕ್ಷಿಪಣಿಯೂ ಸುಮಾರು 450 ಕೆ.ಜಿ. 150 ಕಿ.ಮೀ. ಆಚೆಗೂ ಹೊಡೆಯಬಲ್ಲದು. ಟಾಮ್‌ಕ್ಯಾಟ್‌ನ ರೇಡಾರ್ ಏಕಕಾಲಕ್ಕೆ 24 ಗುರಿಗಳನ್ನು ಹಿಂಬಾಲಿಸುತ್ತಿತ್ತು. 1973ರ ನವೆಂಬರಿನ ಪರೀಕ್ಷೆಯಲ್ಲಿ ಒಂದೇ ವಿಮಾನ 40 ಸೆಕೆಂಡಿನೊಳಗೆ ಆರು ಗುರಿಗಳ ಮೇಲೆ ಆರು ಫೀನಿಕ್ಸ್ ಬಿಟ್ಟಿತು. ನಾಲ್ಕು ತಗುಲಿದವು. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಂ ಅನ್ನುತ್ತದೆ.

ಕೈ ಉದ್ದವಿದ್ದರೆ ಸಾಲದು, ಕಣ್ಣೂ ಬೇಕು. ಭೂಮಿ ಗುಂಡಗಿದೆ. ನೀರಿಗೆ ತಾಗುವಂತೆ ಹಾರಿ ಬರುವ ಕ್ಷಿಪಣಿ ಹಡಗಿನ ರೇಡಾರಿಗೆ ಕಾಣುವುದು ತೀರಾ ಹತ್ತಿರ ಬಂದ ಮೇಲೆ. ಅಮೆರಿಕದವರು ರೇಡಾರ್ ಹೊತ್ತ ಹಾಕ್‌ಐ ವಿಮಾನವನ್ನು ಮೇಲೆ ನಿಲ್ಲಿಸಿ ನೋಡುತ್ತಿದ್ದರು. 1982ರಲ್ಲಿ ಅರ್ಜೆಂಟೀನಾ ಜೊತೆ ಯುದ್ಧಕ್ಕೆ ಫಾಕ್‌ಲ್ಯಾಂಡ್ಸ್ ದ್ವೀಪಗಳಿಗೆ ಹೋದ ಬ್ರಿಟಿಷರ ಬಳಿ ಅಂಥದ್ದು ಇರಲಿಲ್ಲ. ಮೇ 4ರಂದು ಅರ್ಜೆಂಟೀನಾದ ವಿಮಾನ ಬಿಟ್ಟ ಎಕ್ಸೊಸೆಟ್ ಕ್ಷಿಪಣಿ ಬ್ರಿಟಿಷರ ಶೆಫೀಲ್ಡ್ ಹಡಗನ್ನು ಸುಟ್ಟಿತು. ಆ ಹಡಗಿನಲ್ಲೂ ಕ್ಷಿಪಣಿಗಳಿದ್ದವು ಸರ್. ಹಾರಿಸಲು ಪುರುಸೊತ್ತೇ ಸಿಗಲಿಲ್ಲ.

ನಮ್ಮ ವಿಕ್ರಾಂತ್‌ನಲ್ಲಿ ವಿಮಾನವನ್ನು ಜೋರಾಗಿ ತಳ್ಳಿ ಹಾರಿಸುವ ಕ್ಯಾಟಪಲ್ಟ್ ಇಲ್ಲ. ಹಾಕ್‌ಐನಂಥ ವಿಮಾನ ಅಲ್ಲಿಂದ ಏರಲಾರದು. ರೇಡಾರ್ ಹೊತ್ತ ಕಾಮೊವ್-31 ಹೆಲಿಕಾಪ್ಟರೇ ಗತಿ, ಅದು ಅಷ್ಟು ಎತ್ತರಕ್ಕೆ ಹೋಗುವುದಿಲ್ಲ. 2025ರಲ್ಲಿ ಹಡಗಿನಿಂದ ಹಾರುವ 26 ರಫೇಲ್-ಎಂ ಯುದ್ಧವಿಮಾನ ಕೊಳ್ಳಲು ಸಹಿ ಆಗಿದೆ. ರಫೇಲ್ ಮೀಟಿಯರ್ ಕ್ಷಿಪಣಿ ಹೊರುತ್ತದೆ, ಅದು 100 ಕಿ.ಮೀ. ದಾಟಿ ಹೊಡೆಯುತ್ತದೆ. ನನ್ನ ಕೇಳಿದರೆ ಇದು ತಡವಾಯಿತು, ಇನ್ನೂ ಬೇಕು.

ಇನ್ನೊಂದು ಬೇಸರ ಇದೆ. ಭೂಸೇನೆಯ ಕಾರ್ಯಪ್ಪ, ತಿಮ್ಮಯ್ಯ ಅವರ ಹೆಸರು ನಮ್ಮ ಮಕ್ಕಳಿಗೆ ಬಾಯಿಪಾಠ. ಹಳೇ ಮಿಸ್ಟೇರ್ ವಿಮಾನದಲ್ಲಿ ಹೋಗಿ ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನ ಕೆಡವಿದ ಅಜ್ಜಮಾಡ ದೇವಯ್ಯ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಿಗಲು 1965ರಿಂದ 1988ರವರೆಗೆ ಕಾಯಬೇಕಾಯಿತು. ಆಕಾಶದ ಯುದ್ಧಕ್ಕೇ ಈ ಗತಿ. ಸಮುದ್ರದ ಯುದ್ಧವನ್ನಂತೂ ಕೊಡಗಿನಲ್ಲಿ ಯಾರೂ ಮಾತಾಡುವುದೇ ಇಲ್ಲ. ನಮ್ಮ ಇನ್ನೊಂದು ವಿಮಾನವಾಹಕ ನೌಕೆ ವಿಕ್ರಮಾದಿತ್ಯ ಬಂದು ನಿಲ್ಲುವುದು ನಮ್ಮದೇ ಕಾರವಾರದಲ್ಲಿ ಅಲ್ವಾ? ಟಿವಿಯವರು ಕ್ಷಿಪಣಿಯ ಹೆಸರು ಕೂಗುತ್ತಾರೆ, ಅದು ಹೇಗೆ ಕೆಲಸ ಮಾಡುತ್ತದೆ ಎಂದು ಒಬ್ಬರೂ ಕನ್ನಡದಲ್ಲಿ ಬಿಡಿಸಿ ಹೇಳುವುದಿಲ್ಲ. ನಿಮ್ಮ ಹಾಗೆ ಕೇಳುವವರು ಸಿಕ್ಕಿದ್ದಕ್ಕೆ ನನಗೆ ನಿಜಕ್ಕೂ ಖುಷಿ. ಆರ್ಟಿಲರಿಯಲ್ಲಿ ಶತ್ರುವಿನ ತೋಪನ್ನು ಹೇಗೆ ಪತ್ತೆ ಮಾಡುತ್ತಿದ್ದಿರಿ ಎಂದು ಮುಂದಿನ ಸಂಚಿಕೆಗೆ ಬರೆಯಿರಿ. ಎರಡು ಪುಟ ತೆಗೆದಿಡುತ್ತೇನೆ.

— ಸಂಪಾದಕ