ಓದುಗರ ಪ್ರಶ್ನೆ: ಯಾವ ಟ್ಯೂಬ್ ಆಂಪ್, ಎಷ್ಟು ವಾಟ್?

ಪ್ರಶ್ನೆ: ಸರ್, ಗಾನಮೇಳಗಳಲ್ಲಿ ಗಿಟಾರ್ ನುಡಿಸುತ್ತೇನೆ. ಟ್ಯೂಬ್ ಆಂಪ್ (ಗಾಜಿನ ವಾಲ್ವ್‌ಗಳಿಂದ ಕೆಲಸ ಮಾಡುವ ಆಂಪ್ಲಿಫಯರ್) ತೆಗೆದುಕೊಳ್ಳಲು ದುಡ್ಡು ಕೂಡಿಸಿಟ್ಟಿದ್ದೇನೆ. ಫೆಂಡರ್ ಟ್ವಿನ್ ರಿವರ್ಬ್ ಮೇಲೆ ಕಣ್ಣಿದೆ. ನಿಮಗೆ ಜಾಸ್ತಿ ಇಷ್ಟದ ಆಂಪ್ ಯಾವುದು?
— ಓದುಗರು, ಬದಿಯಡ್ಕ

ಉತ್ತರ: ಟ್ವಿನ್ ಬಗ್ಗೆ ನನಗೆ ಗೌರವವಿದೆ. ಆದರೂ ನಿಮಗೆ ಅದು ಬೇಡ. 85 ವಾಟ್, ನಾಲ್ಕು 6ಎಲ್6 ಟ್ಯೂಬ್, 12 ಇಂಚಿನ ಎರಡು ಸ್ಪೀಕರ್. ಎಷ್ಟು ಜೋರು ಮಾಡಿದರೂ ದನಿ ತಿಳಿಯಾಗಿಯೇ ಇರಲಿ ಎಂದು ಮಾಡಿದ ಆಂಪ್ ಅದು. ನಾನು ಹುಡುಕುವ ಟೋನ್ ಇರುವುದು ದನಿ ಇನ್ನೇನು ಒಡೆಯಬೇಕು ಅನ್ನುವ ಜಾಗದಲ್ಲಿ. ಟ್ವಿನ್‌ನಲ್ಲಿ ಅಲ್ಲಿಗೆ ಹೋಗಿ ಮುಟ್ಟುವಷ್ಟರಲ್ಲಿ ನಮ್ಮೂರಿನ ಮದುವೆ ಹಾಲ್‌ಗಳಲ್ಲಿ ಹಾಡುವವರ ಸ್ವರ ಮುಳುಗಿ ಹೋಗಿರುತ್ತದೆ.

ನನ್ನ ಮೊದಲ ಆಯ್ಕೆ ಅದೇ ಫೆಂಡರ್‌ನ ಡಿಲಕ್ಸ್ ರಿವರ್ಬ್. 1963ರಲ್ಲಿ ಬಂದದ್ದು. 22 ವಾಟ್, ಎರಡು 6ವಿ6 ಟ್ಯೂಬ್, 12 ಇಂಚಿನ ಒಂದೇ ಸ್ಪೀಕರ್. ಇದರಲ್ಲಿ ರೆಕ್ಟಿಫಯರ್, ಅಂದರೆ ಎಸಿ ಕರೆಂಟನ್ನು ಡಿಸಿ ಮಾಡುವ ಭಾಗ ಕೂಡ ಟ್ಯೂಬೇ, ಹೆಸರು ಜಿಝಡ್34. ತಂತಿಯನ್ನು ಬಲವಾಗಿ ಮೀಟಿದಾಗ ಪವರ್ ಟ್ಯೂಬ್‌ಗಳು, ಅಂದರೆ ಆ 6ವಿ6ಗಳು, ಒಮ್ಮೆಲೇ ಹೆಚ್ಚು ಕರೆಂಟ್ ಎಳೆಯುತ್ತವೆ. ರೆಕ್ಟಿಫಯರ್‌ನಿಂದ ಬರುವ ವೋಲ್ಟೇಜ್ ಒಂದು ಚೂರು ಕುಸಿಯುತ್ತದೆ, ಆಮೇಲೆ ಮೇಲೇಳುತ್ತದೆ. ಕಿವಿಗೆ ಅದು ಸ್ವರ ಅದುಮಿ ಅರಳಿದ ಹಾಗೆ ಕೇಳುತ್ತದೆ. ವಾಲ್ಯೂಮ್ 5ರ ಸುತ್ತಮುತ್ತ ಇಟ್ಟು ನೋಡಿ. ಬೆರಳಿನಿಂದ ಮೆಲ್ಲಗೆ ಮುಟ್ಟಿದರೆ ತಿಳಿ ದನಿ, ಪಿಕ್‌ನಿಂದ ಹೊಡೆದರೆ ಅಂಚು ಒಡೆದ ದನಿ. ಪೆಡಲ್ ಒತ್ತದೆ, ಕೈಯಲ್ಲೇ ಎರಡೂ ಸಿಗುತ್ತದೆ. ಈ ಸುಖಕ್ಕಾಗಿಯೇ ನಾನು ಟ್ಯೂಬ್ ಬಿಟ್ಟಿಲ್ಲ.

22 ವಾಟ್ ಸಾಕಾಗುತ್ತದಾ ಎಂದು ಕೇಳುತ್ತೀರಿ, ಅಲ್ವಾ? ವಾಟ್ ದುಪ್ಪಟ್ಟಾದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ದುಪ್ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವಾಟ್ ಬೇಕು. ಡಿಲಕ್ಸ್‌ನ ಮುಂದೆ ಒಂದು ಮೈಕ್ ಇಟ್ಟು ಸೌಂಡ್‌ನವರಿಗೆ ಕೊಟ್ಟುಬಿಡಿ. ದೇವಸ್ಥಾನದ ಗದ್ದೆಯಲ್ಲಿ ಕೂತ ಕೊನೇ ಸಾಲಿಗೂ ಕೇಳುತ್ತದೆ.

ಎರಡನೆಯದು ವಾಕ್ಸ್ ಎಸಿ30. ನಾಲ್ಕು ಇಎಲ್84 ಟ್ಯೂಬ್. ಅದರ ಪವರ್ ವಿಭಾಗದಲ್ಲಿ ನೆಗೆಟಿವ್ ಫೀಡ್‌ಬ್ಯಾಕ್ (ಹೊರಬರುವ ಸಿಗ್ನಲ್‌ನ ಒಂದು ಪಾಲನ್ನು ಹಿಂದಕ್ಕೆ ಕೊಟ್ಟು ದನಿಯನ್ನು ಹದ್ದುಬಸ್ತಿನಲ್ಲಿಡುವ ಏರ್ಪಾಡು) ಇಲ್ಲ, ಹಾಗಾಗಿ ಮೇಲಿನ ಸ್ವರಗಳು ಗಂಟೆಯಂತೆ ಮಿಂಚುತ್ತವೆ. ಕಾರ್ಡ್ ಹಿಡಿದು ರಿದಮ್ ನುಡಿಸುವವರಿಗೆ ಇದಕ್ಕಿಂತ ಚಂದದ್ದು ನಾನು ಕೇಳಿಲ್ಲ. ಭಾರ ಮಾತ್ರ ವಿಪರೀತ. ಎತ್ತಲು ಇನ್ನೊಬ್ಬರು ಜೊತೆಗೆ ಬೇಕು.

ಅಮೆರಿಕದಿಂದ ತರಿಸಿದ 120 ವೋಲ್ಟ್‌ನ ಆಂಪ್ ಆದರೆ ನಮ್ಮ 230ಕ್ಕೆ ನೇರವಾಗಿ ಸಿಕ್ಕಿಸಲೇಬೇಡಿ. 500 ವಿಎಯ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇರಲಿ.

ಪ್ರಶ್ನೆ: ಟ್ಯೂಬ್‌ಗಳನ್ನು ಒಂದಾದ ಮೇಲೊಂದು ಬದಲಾಯಿಸಿದೆ. ಹಣ ಖರ್ಚಾಯಿತು, ಟೋನ್ ಹೆಚ್ಚೇನೂ ಬದಲಾಗಲಿಲ್ಲ. ಯಾಕೆ?
— ಓದುಗರು, ಉಪ್ಪಳ

ಉತ್ತರ: ಟ್ಯೂಬ್‌ಗಿಂತ ದೊಡ್ಡ ಬದಲಾವಣೆ ತರುವುದು ಸ್ಪೀಕರ್. 1962ರಲ್ಲಿ ಲಂಡನ್‌ನ ಜಿಮ್ ಮಾರ್ಷಲ್ ಅವರ ಅಂಗಡಿಯಲ್ಲಿ ಜೆಟಿಎಂ45 ಎಂಬ ಆಂಪ್ ಹುಟ್ಟಿದ್ದು ಫೆಂಡರ್‌ನ ಬ್ಯಾಸ್‌ಮನ್ ಆಂಪ್‌ನ ಸರ್ಕ್ಯೂಟ್ ನೋಡಿ. ಸರ್ಕ್ಯೂಟ್ ಹೆಚ್ಚು ಕಡಿಮೆ ಅದೇ. ಫೆಂಡರ್‌ನದ್ದು ಹಿಂಬದಿ ತೆರೆದ ಪೆಟ್ಟಿಗೆ, 10 ಇಂಚಿನ ನಾಲ್ಕು ಸ್ಪೀಕರ್. ಮಾರ್ಷಲ್ ಅದನ್ನು ಮುಚ್ಚಿದ ಕ್ಯಾಬಿನೆಟ್‌ನಲ್ಲಿ ಸೆಲೆಸ್ಚನ್ ಕಂಪನಿಯ 12 ಇಂಚಿನ ನಾಲ್ಕು ಸ್ಪೀಕರ್‌ಗೆ ಜೋಡಿಸಿದರು. ಇಂಗ್ಲೆಂಡಿನಲ್ಲಿ ಸಿಗುವ ಟ್ರಾನ್ಸ್‌ಫಾರ್ಮರ್, ಟ್ಯೂಬ್‌ಗಳೂ ಸೇರಿ ದನಿಯ ಜಾತಿಯೇ ಬೇರೆಯಾಯಿತು.

ಹೊಸ ಟ್ಯೂಬ್ ಕೊಳ್ಳುವುದನ್ನು ಸದ್ಯ ನಿಲ್ಲಿಸಿ. ಗೆಳೆಯರ ಸ್ಪೀಕರ್ ಕ್ಯಾಬಿನೆಟ್ ಒಂದನ್ನು ಸಂಜೆಯ ಮಟ್ಟಿಗೆ ತಂದು ಜೋಡಿಸಿ ಕೇಳಿ. ಸ್ಪೀಕರ್ ಮೇಲೆ ಬರೆದ ಓಮ್ಸ್ (ವಿದ್ಯುತ್ ತಡೆಯ ಅಳತೆ) ನಿಮ್ಮ ಆಂಪ್‌ಗೆ ಹೊಂದುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ. ಸ್ಪೀಕರ್ ಇಲ್ಲದೆ ಟ್ಯೂಬ್ ಆಂಪ್ ಚಾಲೂ ಮಾಡಿ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಪ್ರಶ್ನೆ: ಅಜ್ಜನ ವಾಲ್ವ್ ರೇಡಿಯೋ ಅಟ್ಟದಲ್ಲಿದೆ. ಅದನ್ನು ಗಿಟಾರ್ ಆಂಪ್ ಮಾಡಬಹುದಾ?
— ವಿದ್ಯಾರ್ಥಿ, ಪೆರ್ಲ

ಉತ್ತರ: ತಮ್ಮಾ, ಮೊದಲು ಪ್ಲಗ್ ಕೈಗೆ ತೆಗೆದುಕೊಳ್ಳಬೇಡಿ. ಹಿಂದಿನ ಹಲಗೆ ತೆಗೆದು ವಾಲ್ವ್‌ಗಳ ಮೇಲಿನ ಹೆಸರು ಓದಿ. ಯುಸಿಎಚ್81, ಯುಎಲ್84 ಹೀಗೆ ‘ಯು’ದಿಂದ ಶುರುವಾಗಿದ್ದರೆ ಅದು ಎಸಿ/ಡಿಸಿ ಸೆಟ್. ಅದರಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಲೋಹದ ಚಾಸಿಗೆ (ಒಳಗಿನ ಭಾಗಗಳನ್ನು ಕೂರಿಸಿದ ಚೌಕಟ್ಟಿಗೆ) ನೇರವಾಗಿ ಮನೆಯ ಲೈನ್ ತಾಗಿರಬಹುದು. ಅದಕ್ಕೆ ಗಿಟಾರ್ ಜೋಡಿಸಿದರೆ ತಂತಿಯಲ್ಲಿ 230 ವೋಲ್ಟ್ ಬಂದು ಜೀವವೇ ಹೋಗಬಹುದು. ಅಂಥದ್ದನ್ನು ಅಜ್ಜನ ನೆನಪಿಗೆ ಹಾಗೆಯೇ ಇಡಿ.

‘ಇ’ದಿಂದ ಶುರುವಾಗಿದ್ದು, ಒಳಗೆ ಟ್ರಾನ್ಸ್‌ಫಾರ್ಮರ್ ಇದ್ದರೆ ಆಸೆ ಇಟ್ಟುಕೊಳ್ಳಬಹುದು. ಬೆಂಗಳೂರಿನ ಬಿಇಎಲ್ 1961ರಿಂದ ರೇಡಿಯೋ ವಾಲ್ವ್ ಮಾಡುತ್ತಿತ್ತು. ಆ ಹೆಸರಿನ ಇಎಲ್84 ನಿಮ್ಮ ಪೆಟ್ಟಿಗೆಯಲ್ಲಿದ್ದರೆ ಜೋಪಾನ, ಅದು ಎಸಿ30ಯಲ್ಲಿ ಇರುವ ಜಾತಿಯದೇ. ಅಂಥ ರೇಡಿಯೋದ ಹಿಂದೆ ಗ್ರಾಮಫೋನ್ ಸಿಕ್ಕಿಸುವ ಜಾಗ ಇರುತ್ತದೆ. ಗಿಟಾರಿನ ಸಿಗ್ನಲ್ ಸಣ್ಣದು, ಒಂದು ಬೂಸ್ಟ್ ಪೆಡಲ್ ಮೂಲಕ ಅಲ್ಲಿಗೆ ಕೊಟ್ಟರೆ ನಾಲ್ಕೈದು ವಾಟ್‌ನ ಒಳ್ಳೇ ದನಿ ಬರುತ್ತದೆ. ಆದರೆ ಹಳೇ ಕೆಪಾಸಿಟರ್‌ಗಳನ್ನು ಬದಲಾಯಿಸದೆ ಚಾಲೂ ಮಾಡಬಾರದು. ಪ್ಲಗ್ ಕಿತ್ತ ಮೇಲೂ ಅವುಗಳಲ್ಲಿ ನೂರಾರು ವೋಲ್ಟ್ ನಿಂತಿರುತ್ತದೆ. ಈ ಕೆಲಸ ಗೊತ್ತಿರುವ ಹಿರಿಯ ರೇಡಿಯೋ ರಿಪೇರಿಯವರು ನಿಮ್ಮ ಕಡೆ ಇನ್ನೂ ಇರಬಹುದು. ಅವರ ಹತ್ತಿರ ಕೊಂಡುಹೋಗಿ, ಪಕ್ಕದಲ್ಲಿ ಕೂತು ನೋಡಿ ಕಲಿಯಿರಿ.

ಪ್ರಶ್ನೆ: ಮಳೆಗಾಲದಲ್ಲಿ ನನ್ನ ಆಂಪ್ ಮಂಕಾಗುತ್ತದೆ, ನಾಬ್ ತಿರುಗಿಸಿದರೆ ಕರಕರ ಅನ್ನುತ್ತದೆ. ಟ್ಯೂಬ್ ಹೋಯಿತಾ?
— ಓದುಗರು, ಮಂಜೇಶ್ವರ

ಉತ್ತರ: ಟ್ಯೂಬ್ ಮೇಲೆ ಅನುಮಾನ ಬೇಡ. ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ನಮ್ಮದು, ಜೊತೆಗೆ ಕಡಲಿನ ಉಪ್ಪುಗಾಳಿ. ಚೆಂಡೆಯ ಮುಚ್ಚಿಗೆ ಮೆತ್ತಗಾಗುವ ಹಾಗೆ ಸ್ಪೀಕರ್‌ನ ಕಾಗದವೂ ತೇವ ಹೀರುತ್ತದೆ. ನಾಬ್‌ಗಳ ಒಳಗೆ, ಟ್ಯೂಬ್ ಸಾಕೆಟ್‌ನಲ್ಲಿ ಕಿಲುಬು ಕೂರುತ್ತದೆ. ಪ್ಲಗ್ ತೆಗೆದು, ತಣ್ಣಗಾದ ಮೇಲೆ ಟ್ಯೂಬ್‌ಗಳನ್ನು ಎಳೆದು ಪಿನ್ ಒರೆಸಿ. ನಾಬ್‌ಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಲು ಚಾಸಿ ಬಿಚ್ಚಬೇಕು, ಅದನ್ನು ಮೆಕ್ಯಾನಿಕ್‌ಗೆ ಬಿಡಿ.

ಸಂಜೆ ಹೊತ್ತು ಮನೆಯ ವೋಲ್ಟೇಜನ್ನೂ ಮೀಟರ್‌ನಲ್ಲಿ ನೋಡಿ. 230 ಇರಬೇಕಾದದ್ದು 200ಕ್ಕೆ ಇಳಿದರೆ ಟ್ಯೂಬ್‌ನ ಹೀಟರ್‌ಗೆ ಸಿಗಬೇಕಾದ 6.3 ವೋಲ್ಟ್ ಸುಮಾರು 5.5 ಆಗುತ್ತದೆ. ಮಂಕು ಬರುವುದು ಅಲ್ಲಿಂದಲೂ ಇರಬಹುದು. ಒಳ್ಳೇ ಸ್ಟೆಬಿಲೈಜರ್ ಹಾಕಿಸಿ. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಆಂಪ್ ಚಾಲೂ ಇಡಿ, ಟ್ಯೂಬ್‌ಗಳ ಬಿಸಿಗೆ ಒಳಗಿನ ತೇವ ಆರುತ್ತದೆ. ಹತ್ತಿ ಬಟ್ಟೆಯ ಕವರ್ ಹಾಕಿ. ಪ್ಲಾಸ್ಟಿಕ್ ಮುಚ್ಚಿದರೆ ನೀರು ಒಳಗೇ ನಿಲ್ಲುತ್ತದೆ.