ಹ್ಯಾರಿಯರ್ ಎಬ್ಬಿಸೋಕೆ ಹೊಲ ತುಳಿಯಬೇಡಿ

ನಿಮ್ಮ ಹಕ್ಕಿ ನೋಡುವ ಗುಂಪಿನ ಭಾನುವಾರದ ಪ್ಲಾನ್ ಓದಿದೆ. ಎಂಟೂವರೆಗೆ ಕೊಪ್ಪಳ ಬಿಡುವುದು, ಮುನಿರಾಬಾದ್ ಹತ್ತಿರ ತುಂಗಭದ್ರಾ ಡ್ಯಾಮಿನ ಹಿನ್ನೀರಿನಲ್ಲಿ ಪಟ್ಟೆತಲೆ ಹೆಬ್ಬಾತು ನೋಡುವುದು, ಆಮೇಲೆ ಎಲ್ಲರೂ ಸಾಲಾಗಿ ಜೋಳದ ಹೊಲದಲ್ಲಿ ನಡೆದು ಹ್ಯಾರಿಯರ್ (ಚಳಿಗಾಲಕ್ಕೆ ವಲಸೆ ಬರುವ, ಹೊಲದ ಮೇಲೆ ತಗ್ಗಾಗಿ ಹಾರುವ ಬೇಟೆಹಕ್ಕಿ) ಎಬ್ಬಿಸುವುದು. ಸಾಲದ್ದಕ್ಕೆ ಅವು ರಾತ್ರಿ ತಂಗುವ ಜಾಗದ ಲೊಕೇಶನ್ ಗುಂಪಿಗೆ ಹಾಕುತ್ತೀರಂತೆ. ಹೀಗೆ ಸಾಲು ಕಟ್ಟಿ ಎಬ್ಬಿಸುವ ಕೆಲಸ ಒಂದು ಕಾಲಕ್ಕೆ ನಾವೂ ಮಾಡಿದವರೇ. ಹಾರಿಹೋಗುವ ಹಕ್ಕಿಯ ಬೆನ್ನು ಕಾಣುತ್ತದೆ, ಅಷ್ಟೇ.

ಹೆಬ್ಬಾತಿನ ಆಸೆ ಸದ್ಯಕ್ಕೆ ಬಿಡಿ. ದಸರಾ-ದೀಪಾವಳಿ ಹೊತ್ತಿಗೆ ಡ್ಯಾಮ್ ಸಾಮಾನ್ಯವಾಗಿ ತುಂಬಿರುತ್ತದೆ. ನೀರು ಡ್ಯಾಮಿನ ಪೂರ್ಣ ಮಟ್ಟವಾದ 1633 ಅಡಿ ಹತ್ತಿರ ನಿಂತಾಗ ಹಕ್ಕಿ ಕೂರುವಂಥ ದಂಡೆಯೇ ಇರುವುದಿಲ್ಲ. ನೀರು ಸರಿದು ಕೆಸರು, ಎಳೆ ಹುಲ್ಲು ಹೊರಗೆ ಬರಬೇಕು. ಅದಕ್ಕೆ ಡಿಸೆಂಬರ್, ಜನವರಿಯೇ ಸರಿ. ಈಗ ಹೋದರೆ ನೀರುಕಾಗೆ ನೋಡಿ, ಮೀನೂಟ ಮಾಡಿ ಬರಬೇಕು.

ಹ್ಯಾರಿಯರ್‌ಗೆ ಸಂಜೆ ಹೋಗಿ. ನಡೆಯಬೇಡಿ, ಕೂತುಕೊಳ್ಳಿ. ಎರಿ (ಕಪ್ಪು ಮಣ್ಣಿನ) ಹೊಲಗಳ ನಡುವೆ ಬೀಳು ಬಿಟ್ಟ ಹುಲ್ಲಿನ ಜಾಗ ಹುಡುಕಿ. ಅದರ ಪಡುವಣ ದಿಕ್ಕಿಗೆ, ಇನ್ನೂರು ಮುನ್ನೂರು ಮೀಟರ್ ದೂರದಲ್ಲಿ, ಒಡ್ಡಿನ ಮೇಲೆ ಒಂದು ಬೇವಿನ ಮರಕ್ಕೆ ಒರಗಿಕೊಂಡು ಕೂತುಬಿಡಿ. ಸೂರ್ಯ ಬೆನ್ನಿಗಿರಬೇಕು. ಎದುರು ಬಿಸಿಲಿಗೆ ನಿಂತರೆ ಎಲ್ಲ ಹಕ್ಕಿಯೂ ಕರಿ ಹಕ್ಕಿಯೇ. ನಾಲ್ಕೂವರೆಗೆ ಕೂತರೆ ಕತ್ತಲಾಗುವವರೆಗೂ ಏಳಬೇಡಿ. ಮೊದಲ ಅರ್ಧ ಗಂಟೆ ಏನೂ ಬರದೇ ಇರಬಹುದು. ಬೇಜಾರಾಗಿ ಎದ್ದವರೇ ಜಾಸ್ತಿ. ಆಮೇಲೆ ಒಂದು ಬರುತ್ತದೆ, ರೆಕ್ಕೆ ಮೇಲಕ್ಕೆತ್ತಿ ಹಿಡಿದು, ತೆನೆಯಿಲ್ಲದ ಜೋಳದ ಸುಳಿ ತಾಗುವಷ್ಟು ಕೆಳಗೆ, ತಲೆ ಬಗ್ಗಿಸಿ, ಈ ಕಡೆ ಆ ಕಡೆ ವಾಲುತ್ತಾ. ತಟ್ಟನೆ ತಿರುಗಿ ಕಾಲು ಚಾಚಿ ಹುಲ್ಲಿಗೆ ಬೀಳುತ್ತದೆ. ಮಿಡತೆ ಸಿಕ್ಕರೆ ಅಲ್ಲೇ ತಿನ್ನುತ್ತದೆ. ಕತ್ತಲಾಗುವ ಹೊತ್ತಿಗೆ ಒಂದೊಂದಾಗಿ ಬಂದು ಅದೇ ಹುಲ್ಲಿನಲ್ಲಿ ನೆಲಕ್ಕಿಳಿಯುತ್ತವೆ. ಗಮನಿಸಿ, ಮರದ ಮೇಲಲ್ಲ, ನೆಲಕ್ಕೆ. ಅಲ್ಲಿಗೆ ನೀವು ಹತ್ತು ಜನ ನುಗ್ಗಿದರೆ ಕಜಕಿಸ್ತಾನದಂಥ ಕಡೆಯಿಂದ ಹಾರಿ ಬಂದ ಹಕ್ಕಿ ರಾತ್ರಿ ಎಲ್ಲಿಗೆ ಹೋಗಬೇಕು? ಲೊಕೇಶನ್ ಹಾಕಲೇಬೇಡಿ. ತಾಲ್ಲೂಕಿನ ಹೆಸರು ಸಾಕು. ಕ್ಯಾಮೆರಾದವರು ಬೈಕ್ ಹತ್ತಿ ಮರುದಿನವೇ ಬರುತ್ತಾರೆ, ಆಮೇಲೆ ಬೈದು ಪ್ರಯೋಜನವಿಲ್ಲ.

ಗುರುತಿಸುವಾಗ ಗಂಡಿನಿಂದ ಶುರು ಮಾಡಿ. ಬೂದು ರೆಕ್ಕೆಯ ಮೇಲೆ ಕರಿ ಪಟ್ಟಿ ಇದ್ದರೆ ಮೊಂಟಾಗು ಹ್ಯಾರಿಯರ್. ಬೆಳ್ಳಗಿದ್ದು, ಪಟ್ಟಿ ಇಲ್ಲದೆ, ರೆಕ್ಕೆ ತುದಿಯಲ್ಲಿ ಮಾತ್ರ ಸಣ್ಣ ಕರಿ ಮೊನೆ ಇದ್ದರೆ ಪ್ಯಾಲಿಡ್ ಹ್ಯಾರಿಯರ್. ಕಂದು ಹೆಣ್ಣು, ಮರಿಗಳದ್ದು ತಲೆನೋವು. ಸೊಂಟದ ಬಿಳಿ ಎರಡಕ್ಕೂ ಇದೆ, ಅದನ್ನು ನೋಡಿ ಹೆಸರು ಹೇಳಬೇಡಿ. ಕುತ್ತಿಗೆಗೆ ಬಿಳಿ ಕಾಲರ್, ಅದರ ಹಿಂದೆ ಕಪ್ಪು ಚಾಯೆ ಕಂಡರೆ ಪ್ಯಾಲಿಡ್ ಕಡೆಗೆ ವಾಲಬಹುದು. ಕಾಣದಿದ್ದರೆ 'ಹ್ಯಾರಿಯರ್' ಅಂತಷ್ಟೇ ಬರೆಯಿರಿ, ಮರ್ಯಾದೆ ಹೋಗುವುದಿಲ್ಲ. ಹಕ್ಕಿ ಗುರುತಿಸುವ ಮರ್ಲಿನ್ ಆಪ್ ಹೇಳಿತು ಅಂತ, ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಪಟ್ಟಿಗೆ ಹಾಕುವವರಿಗೆ ಏನು ಹೇಳಬೇಕೋ ಗೊತ್ತಿಲ್ಲ.

ಬೈನಾಕ್ಯುಲರ್ ಕೇಳಿದ್ದಿರಲ್ವಾ? 8×42 ತಗೊಳ್ಳಿ, ಅಂದರೆ ಎಂಟು ಪಟ್ಟು ದೊಡ್ಡದು ಮಾಡುವ, 42 ಮಿಲಿಮೀಟರ್ ಅಗಲದ ಮುಂದಿನ ಗಾಜು ಇರುವಂಥದ್ದು. ನಿಕಾನ್ ಆಗಲಿ ಒಲಿಂಪಸ್ ಆಗಲಿ, ಕೈಗೆ ಹಿತವಾದದ್ದು. ಜೇಬಿನಲ್ಲಿ ಹೋಗುವ 10×25 ಸಂಜೆಗೆ ಬರುವುದಿಲ್ಲ. 25ನ್ನು 10ರಿಂದ ಭಾಗಿಸಿ, ಕಣ್ಣಿಗೆ ಬರುವ ಬೆಳಕಿನ ವೃತ್ತ ಎರಡೂವರೆ ಮಿಲಿಮೀಟರ್ ಅಗಲ. 8×42ರಲ್ಲಿ ಐದರ ಮೇಲೆ. ಹ್ಯಾರಿಯರ್ ಇಳಿಯುವ ಹೊತ್ತಿಗೆ ಈ ವ್ಯತ್ಯಾಸವೇ ಎಲ್ಲ. ಝೂಮ್ ಇರುವ ಅಗ್ಗದ ಮಾಲು ಮಾತ್ರ ಬೇಡವೇ ಬೇಡ.

ಬೆಳಿಗ್ಗೆ ಖಾಲಿ ಇರುತ್ತದಲ್ಲ, ಆರಕ್ಕೆ ಹೊರಟು ಗಂಗಾವತಿ ಕಡೆ ಎಡದಂಡೆ ನಾಲೆಯ ಭತ್ತದ ಗದ್ದೆಗೆ ಹೋಗಿ. ಎಲ್ಲಾದರೂ ಮುಂಚೆ ಹಾಕಿದ ಭತ್ತ ಕೊಯ್ಯುವ ಮಷಿನ್ ಓಡುತ್ತಿದ್ದರೆ ನಿಮ್ಮ ಅದೃಷ್ಟ. ಹಿಂದೆಯೇ ಬೆಳ್ಳಕ್ಕಿ, ಕಾಜಾಣ, ಮೈನಾ. ಮೇಲೆ ಮಾರ್ಷ್ ಹ್ಯಾರಿಯರ್ ಸುತ್ತಬಹುದು. ಗದ್ದೆಯವರನ್ನು ಕೇಳಿಯೇ ಒಡ್ಡು ಹತ್ತಿ. ಎಡೆ ಹೊಡೆದ ಹೊಲದಲ್ಲಿ ಕಾಲಿಟ್ಟರೆ ಬೈಗುಳ ಗ್ಯಾರಂಟಿ, ಅದು ನ್ಯಾಯವೇ. ಒಡ್ಡಿನ ಹುಲ್ಲಿನಲ್ಲಿ ಕೊಳಕುಮಂಡಲ ಇರುತ್ತದೆ, ಚಪ್ಪಲಿಯಲ್ಲಿ ಬರಬೇಡಿ. ಟಾರ್ಚ್ ಮರೆಯಬೇಡಿ. ಮಕ್ಕಳಿದ್ದರೆ ಇದ್ಯಾವುದೂ ಬೇಡ, ಚಳಿಗಾಲದಲ್ಲಿ ಒಂದು ದಿನ ಹಗರಿಬೊಮ್ಮನಹಳ್ಳಿ ಹತ್ತಿರದ ಅಂಕಸಮುದ್ರಕ್ಕೆ ಕರೆದೊಯ್ಯಿರಿ. 2024ರಲ್ಲಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದ ಕೆರೆ. ಜಾಲಿ ಮರಗಳ ತುಂಬ ಹಕ್ಕಿ, ಮಕ್ಕಳಿಗೆ ಬೇಜಾರಾಗುವುದಿಲ್ಲ.

ಇನ್ನೊಂದು ಮಾತು, ಗಾಡಿ. ಶನಿವಾರ ಮಳೆ ಬಿದ್ದರೆ ಎರಿ ಕಡೆ ತಲೆ ಹಾಕಬೇಡಿ. ಶೂಗೆ ಒಂದೊಂದು ಕಿಲೋ ಮಣ್ಣು ಅಂಟುತ್ತದೆ, ಬೈಕಿನ ಮಡ್‌ಗಾರ್ಡ್ ಕಟ್ಟಿಕೊಂಡು ಚಕ್ರವೇ ತಿರುಗುವುದಿಲ್ಲ. ಆವತ್ತು ಮಸಾರಿ (ಕೆಂಪು ಮಣ್ಣಿನ) ಹೊಲದ ಕಡೆ ಹೋಗಿ, ನೆಲಗುಬ್ಬಿ, ಗೌಜುಗ ಅಲ್ಲೂ ಸಿಗುತ್ತವೆ. ಗಾಡಿ ಮಾತ್ರ ಡಾಂಬರ್ ರಸ್ತೆಯಲ್ಲೇ ಬಿಡಿ.