ಹಳೆಯ ಕಾಯ್ದೆ ಪುಸ್ತಕದಲ್ಲಿ ಅಂಟಿಸಿದ ಚೀಟಿಗಳು

ಪ್ರಶ್ನೆ: ವಕೀಲರಾಗಿದ್ದ ನಮ್ಮ ತಾತನವರ ಪೆಟ್ಟಿಗೆಯಲ್ಲಿ ಭಾರತೀಯ ದಂಡ ಸಂಹಿತೆಯ ಹಳೆಯ ಪ್ರತಿ, 1935ರ ಭಾರತ ಸರ್ಕಾರ ಕಾಯ್ದೆ ಮತ್ತು 1949-50ರ ಕೆಲವು ಮೈಸೂರು ಗೆಜೆಟ್‌ಗಳು ದೊರೆತಿವೆ. ದಂಡ ಸಂಹಿತೆಯಲ್ಲಿ ಹಲವು ಸಾಲುಗಳನ್ನು ಶಾಯಿಯಿಂದ ಹೊಡೆದುಹಾಕಿ, ಮೇಲೆ ಮುದ್ರಿತ ಚೀಟಿಗಳನ್ನು ಅಂಟಿಸಲಾಗಿದೆ. ಅವನ್ನು ಬಿಡಿಸಿ ಪುಟಗಳನ್ನು ಲ್ಯಾಮಿನೇಷನ್ ಮಾಡಿಸಬಹುದೇ? ಇವುಗಳಿಗೆ ಬೆಲೆಯಿದೆಯೇ?

ಉತ್ತರ: ದಯವಿಟ್ಟು ಒಂದು ಚೀಟಿಯನ್ನೂ ಬಿಡಿಸಬೇಡಿ. ಕಾಯ್ದೆ ತಿದ್ದುಪಡಿಯಾದಾಗ ಹಳೆಯ ಮಾತುಗಳ ಮೇಲೆ ಹೊಸ ಪಾಠವನ್ನು ಅಂಟಿಸಲು ಬಳಸುತ್ತಿದ್ದ ತಿದ್ದುಪಡಿ ಚೀಟಿಗಳವು. ತಮ್ಮ ಸಂಗ್ರಹದಲ್ಲಿ ಅತ್ಯಂತ ಅಮೂಲ್ಯವಾದದ್ದು ಅವೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ದಂಡ ಸಂಹಿತೆಯ ಮೊದಲನೆಯ ಕಲಮನ್ನೇ ನೋಡಿ. 1860ರ ಮೂಲಪಾಠದಲ್ಲಿ ಆ ಕಾಯ್ದೆ ವಿಕ್ಟೋರಿಯಾ ರಾಣಿಯ ವಶಕ್ಕೆ ಬಂದ ಪ್ರದೇಶಗಳಿಗೆ ಅನ್ವಯಿಸುತ್ತಿತ್ತು. ಪಿನಾಂಗ್, ಸಿಂಗಪುರ, ಮಲಕ್ಕಾಗಳನ್ನು ಮಾತ್ರ ಹೊರಗಿಡಲಾಗಿತ್ತು. ಆ ಮಾತುಗಳು 1891ರಲ್ಲಿ ಒಮ್ಮೆ ತಿದ್ದುಪಡಿಯಾದ ಬಳಿಕ 1937, 1948 ಮತ್ತು 1950ರ ಅಳವಡಿಕೆ ಆದೇಶಗಳಿಂದ, ಅಂದರೆ ಹಳೆಯ ಕಾನೂನಿನ ಮಾತುಗಳನ್ನು ಬದಲಾದ ಆಡಳಿತ ವ್ಯವಸ್ಥೆಗೆ ಹೊಂದಿಸುವ ಆದೇಶಗಳಿಂದ, ಮತ್ತೆ ಮತ್ತೆ ಬದಲಾದವು. ಸಂವಿಧಾನದ 372ನೇ ಅನುಚ್ಛೇದ ಹಳೆಯ ಕಾನೂನುಗಳನ್ನು ಮುಂದುವರಿಸಿ, ಅವುಗಳನ್ನು ಹೊಸ ವ್ಯವಸ್ಥೆಗೆ ಹೊಂದಿಸುವ ಅಧಿಕಾರವನ್ನು ರಾಷ್ಟ್ರಪತಿಯವರಿಗೆ ನೀಡಿತ್ತು. 1950ರಲ್ಲಿ ಮೈಸೂರು 'ಬಿ' ಭಾಗದ ರಾಜ್ಯವಾಗಿದ್ದುದರಿಂದ (ಹಿಂದಿನ ದೇಶೀಯ ಸಂಸ್ಥಾನಗಳಿಂದ ರೂಪುಗೊಂಡ ರಾಜ್ಯಗಳ ಗುಂಪು ಅದು) ದಂಡ ಸಂಹಿತೆಯ ಆ ಮೊದಲ ಕಲಮಿನ ವ್ಯಾಪ್ತಿಯ ಹೊರಗೇ ಉಳಿಯಿತು. 1951ರ ಕಾಯ್ದೆಯೊಂದು ಬಂದ ಮೇಲಷ್ಟೇ ಅದರೊಳಗೆ ಸೇರಿತು. ಒಂದೇ ವಾಕ್ಯದ ಮೇಲೆ ಒಂದರ ಮೇಲೊಂದು ಕುಳಿತಿರುವ ಚೀಟಿಗಳು, ಸಾಮ್ರಾಜ್ಯವೊಂದು ಗಣರಾಜ್ಯವಾದ ಕ್ರಮವನ್ನು ನ್ಯಾಯಾಲಯದಲ್ಲಿ ನಿತ್ಯ ಕೆಲಸ ಮಾಡುತ್ತಿದ್ದವರು ಹೇಗೆ ಅನುಸರಿಸಿದರೆಂಬುದಕ್ಕೆ ಪುರಾವೆ. ಶುದ್ಧವಾದ ಹೊಸ ಮುದ್ರಣದಲ್ಲಿ ಇದು ಅಡಿಟಿಪ್ಪಣಿಯಾಗಿ ಮಾತ್ರ ಉಳಿದಿರುತ್ತದೆ.

ಗೆಜೆಟ್‌ಗಳ ನಡುವೆ 1949ರ ನವೆಂಬರ್ 25ರ ಘೋಷಣೆ ಇದೆಯೇ ಎಂದು ಹುಡುಕಿ. ಸಂವಿಧಾನ ಸಭೆ ಮರುದಿನ ಅಂಗೀಕರಿಸಲಿದ್ದ ಸಂವಿಧಾನವೇ ಮೈಸೂರಿನ ಸಂವಿಧಾನವೂ ಆಗುವುದೆಂದು ಮಹಾರಾಜ ಜಯಚಾಮರಾಜ ಒಡೆಯರ್ ಅವರು ಅಂದು ಘೋಷಿಸಿದರು. ಅದು ಸಿಕ್ಕರೆ ವಿಶೇಷವಾಗಿ ಜೋಪಾನ ಮಾಡಿ. ಸಂವಿಧಾನದ 395ನೇ ಅನುಚ್ಛೇದದಿಂದ ರದ್ದಾದ 1935ರ ಕಾಯ್ದೆಯ ಪ್ರತಿಗಳು ಮಾತ್ರ ಅಷ್ಟೇನೂ ಅಪರೂಪವಲ್ಲ.

ಲ್ಯಾಮಿನೇಷನ್ ಬೇಡವೇ ಬೇಡ. ಶಾಖದಿಂದ ಅಂಟಿಕೊಳ್ಳುವ ಪ್ಲಾಸ್ಟಿಕ್ಕನ್ನು ಮುಂದೆ ಕಾಗದಕ್ಕೆ ಹಾನಿಯಾಗದಂತೆ ತೆಗೆಯುವುದು ಬಹಳ ಕಷ್ಟ. ಪಾರದರ್ಶಕ ಟೇಪನ್ನೂ ಹಚ್ಚಬಾರದು. ಆಮ್ಲರಹಿತ ಕಾಗದದಲ್ಲಿ ಸುತ್ತಿ, ಬಿಸಿಲು ಮತ್ತು ತೇವ ತಾಗದ ಪೆಟ್ಟಿಗೆಯಲ್ಲಿ ಮಲಗಿಸಿಡಿ. ಸಡಿಲವಾದ ಚೀಟಿಯಿದ್ದರೆ ಅದಿರುವ ಪುಟದಲ್ಲೇ ಇರಲಿ.

ಬೆಲೆಯ ವಿಚಾರದಲ್ಲಿ ಅವಸರ ಬೇಡ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಐತಿಹಾಸಿಕ ಮೌಲ್ಯವುಳ್ಳ ದಾಖಲೆಗಳಿಗೆ 75 ವರ್ಷ ತುಂಬಿದರೆ ಅವು ಪ್ರಾಚ್ಯವಸ್ತುಗಳೆನಿಸುತ್ತವೆ. ಖಾಸಗಿಯವರು ಅಂಥವನ್ನು ವಿದೇಶಕ್ಕೆ ರಫ್ತು ಮಾಡುವಂತಿಲ್ಲ. ಆದ್ದರಿಂದ ಮಾರಾಟದ ಮಾತಿಗೆ ಮೊದಲು ಪ್ರತಿ ಪುಟದ ಛಾಯಾಚಿತ್ರ ತೆಗೆದಿಟ್ಟುಕೊಂಡು, ರಾಜ್ಯ ಪತ್ರಾಗಾರ ಇಲಾಖೆಯ ತಜ್ಞರ ಅಭಿಪ್ರಾಯ ಕೇಳಿ.